ಮೊಂಬಾಸದ ಅಟ್ಟ, ಅರಸೀಕೆರೆಯ ಬೋರ್ಡು

ಅಟ್ಟದ ಬಾಗಿಲು ತೆಗೆದವನು ಏಣಿಯಿಂದ ಕೆಳಗೆ ಬೀಳದೆ ಉಳಿದದ್ದೇ ಹೆಚ್ಚು. ಐದು ತಿಂಗಳ ಹಿಂದೆ ಒಪ್ಪವಾಗಿ ಪೇರಿಸಿಟ್ಟಿದ್ದ ತೆಂಗಿನಕಾಯಿಗಳೆಲ್ಲ ಮೊಳೆತು, ಹಸಿರು ಎಲೆಗಳು ತಗಡಿನ ಸೂರಿಗೆ ತಲೆ ತಾಗಿಸಿಕೊಂಡು ಬಗ್ಗಿ ನಿಂತಿದ್ದವು. ಮೊಂಬಾಸದ ಬಾಡಿಗೆ ಮನೆಯ ಅಟ್ಟದಲ್ಲಿ ಕೊಬ್ಬರಿ ಮಾಡಲು ಹೊರಟ ನಾನು ತೋಟ ಮಾಡಿ ಕೂತಿದ್ದೆ.

ಅರಸೀಕೆರೆಯ ಕಡೆಯವರಿಗೆ ನನ್ನ ತಪ್ಪು ಅರ್ಥವಾಗುತ್ತದೆ. ನಮ್ಮಲ್ಲಿ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಮಟ್ಟಿಗೆ ಮರೆತುಬಿಡುತ್ತೇವೆ. ಒಣ ಹವೆಗೆ, ಕೆಳಗಿನ ಒಲೆಯ ಹೊಗೆಗೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಇಡಿಯ ಕೊಬ್ಬರಿ ಗಿಟುಕಾಗುತ್ತದೆ. ಆಫ್ರಿಕದ ಈ ಕರಾವಳಿಯ ಗಾಳಿಯಲ್ಲಿ ಉಪ್ಪೂ ತೇವವೂ ತುಂಬಿವೆ. ಇಲ್ಲಿಯವರು ಕಾಯಿ ಒಡೆದು, ಹೋಳುಗಳನ್ನು ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಅದಕ್ಕೆ ‘ಮ್ಬಾಟ’ ಎಂದು ಹೆಸರು. ಎಣ್ಣೆಗೆ ಅದು ಸರಿ, ಮದುವೆಯ ತಟ್ಟೆಯಲ್ಲಿಡಲು ಸಲ್ಲದು.

ಪಕ್ಕದ ಮನೆಯ ಮುದುಕಿ ಬೀ ಜೈನಬು ನನ್ನ ಅಟ್ಟವನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಬೀ’ ಎಂದರೆ ನಮ್ಮ ‘ಅಮ್ಮಾವ್ರು’ ಇದ್ದ ಹಾಗೆ. ಮೊಳೆತ ಕಾಯೊಂದನ್ನು ಸೀಳಿ, ಒಳಗಿನ ಮೆತ್ತನೆಯ ಉಂಡೆ ತೆಗೆದು ತಿನ್ನಿಸಿದಳು. ಬಹಳ ಸಿಹಿಯಾಗಿತ್ತು. ಮೀನಿನ ವಾಸನೆಗೆ ಹೆದರಿ ನಾನು ಅನ್ನ ಬಿಟ್ಟು ಬಾಳೆಹಣ್ಣಿನಲ್ಲಿ ಕಾಲ ಹಾಕುತ್ತಿದ್ದಾಗ, ತೆಂಗಿನ ಹಾಲಿನಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ ತಂದುಕೊಟ್ಟು ಬದುಕಿಸಿದವಳೂ ಅವಳೇ. ನಮ್ಮ ಅವರೆಕಾಳಿನ ಸಾರಿಗೆ ಕಾಯಿ ಹೆಚ್ಚಾದರೆ ಹೇಗೋ ಹಾಗಿತ್ತು. ಆದರೆ ಕನ್ನಡ ಆಡಲು ಒಂದು ನರಪಿಳ್ಳೆಯೂ ಇರಲಿಲ್ಲ. ನಾಲಿಗೆ ಮರೆತೀತೆಂದು ತಿಪಟೂರು, ತುಮಕೂರು ಎಂದು ರೈಲು ನಿಲ್ದಾಣಗಳ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಬೀ ಜೈನಬು ಅದನ್ನು ಪೂಜೆಯೆಂದು ತಿಳಿದು ಸುಮ್ಮನೆ ಕಾಯುತ್ತಿದ್ದಳು.

ನಾನಿಲ್ಲಿ ಜೀವನ್‌ಭಾಯಿ ಎಂಬ ಗುಜರಾತಿ ವ್ಯಾಪಾರಿಯ ಗುಮಾಸ್ತ. ಅಂಗಡಿಗೆ ಇಲ್ಲಿ ‘ದುಕಾ’ ಎನ್ನುತ್ತಾರೆ. ನಮ್ಮ ಕಡೆಯ ‘ದುಕಾನು’ ಹಡಗು ಹತ್ತಿ ಬಂದು ಬಾಲ ಕಳೆದುಕೊಂಡಿದೆ. ಅಟ್ಟದ ಕಥೆ ಕೇಳಿ ಜೀವನ್‌ಭಾಯಿ ನಗಲಿಲ್ಲ. “ಇಲ್ಲಿ ಆಗದ್ದು ನಿಮ್ಮ ಊರಿನಲ್ಲಿ ಆಗುತ್ತದಲ್ಲ? ತರಿಸು. ಇಲ್ಲಿನ ನಮ್ಮವರ ಮದುವೆಗಳಿಗೆಲ್ಲ ಇಡೀ ಗಿಟುಕೇ ಬೇಕು. ಒಂದು ಕಂಪನಿ ಮಾಡು” ಎಂದರು.

ಎಲ್ಲಿ ಮಾಡುವುದು ಎಂಬಲ್ಲಿ ನನ್ನ ಕುತೂಹಲ ಕೆರಳಿತು. ನಾನು ವಿಚಾರಿಸಿ ತಿಳಿದದ್ದು ಇಷ್ಟು: ಮಾಲೀಕ ಯಾವ ದೇಶದಲ್ಲಿ ಬೇಕಾದರೂ ಇರಬಹುದು, ಕಂಪನಿ ಮಾತ್ರ ಒಂದು ಗೊತ್ತಾದ ವಿಳಾಸದಲ್ಲಿ ಇರಬೇಕು. ಅದಕ್ಕೊಂದು ಬಾಗಿಲು, ಬಾಗಿಲ ಮೇಲೆ ಹೆಸರಿನ ಬೋರ್ಡು, ಬಂದ ಕಾಗದ ಒಡೆಯುವವರೊಬ್ಬರು. ಮನುಷ್ಯನಿಗಿಂತ ಕಂಪನಿಗೇ ಊರಿನ ಮೇಲೆ ಹೆಚ್ಚು ನಿಷ್ಠೆ!

ಸರಕು ಇಳಿಯುವ ಕಡೆ ಹೆಸರಿರಲಿ, ಮೊಂಬಾಸವೇ ಸರಿ ಎಂದರು ಜೀವನ್‌ಭಾಯಿ. ಇಲ್ಲಿ ಇನ್ನೂ ಬ್ರಿಟಿಷರ ಆಡಳಿತ, ಅಂಚೆಚೀಟಿಯ ಮೇಲೆ ಅವರ ರಾಣಿ. ಕಚೇರಿಗೆ ಹೋದರೆ ಸಾಲಿನಲ್ಲಿ ನಿಲ್ಲಬೇಕು, ಆದರೆ ಸಾಲು ಮುಂದೆ ಸಾಗುತ್ತದೆ. ಹಡಗು ಹೊರಡುವುದು ಬೊಂಬಾಯಿಯಿಂದ, ಅಲ್ಲೇ ಮಾಡು ಎಂದರು ಇನ್ನು ಕೆಲವರು. ಆದರೆ ಬೊಂಬಾಯಿಯಲ್ಲಿ ನನ್ನ ಕಾಗದ ಒಡೆಯುವವರು ಯಾರು? ಅರಸೀಕೆರೆಯಲ್ಲಾದರೆ ನನ್ನ ಒಡಹುಟ್ಟಿದ ಗಿರಿಜಕ್ಕ ಇದ್ದಳು.

ಅಕ್ಕನ ವಿಷಯ ಹೇಳಬೇಕು. ಭಾವ ತೀರಿಕೊಂಡ ಮೇಲೆ ಹಳೇಬೀಡಿನ ಕಡೆಯ ತೋಟಗಳಿಂದ ಕಾಯಿ ಕೊಂಡು ಅಟ್ಟ ತುಂಬುವುದು, ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ ಹದ ನೋಡುವುದು, ಎಲ್ಲವೂ ಅವಳದೇ. ಕೊಬ್ಬರಿ ಮಂಡಿಯಲ್ಲಿ ಮಾತ್ರ ಮೈದುನನ ಹೆಸರು. ಅವಳೇ ಹೋದರೆ “ಯಜಮಾನ್ರನ್ನ ಕಳ್ಸಿ ಕಣಮ್ಮ” ಎನ್ನುವರು. ಕಂಪನಿಯ ಸುದ್ದಿ ಬರೆದದ್ದಕ್ಕೆ ಅವಳ ಉತ್ತರ ಬಂತು: “ಎಲ್ಲಾದ್ರೂ ಮಾಡ್ಕೋ. ಕಾಯಿ ಒಣಗ್ಸಿ ಕೊಡ್ತೀನಿ. ಆದ್ರೆ ಇನ್ನೊಬ್ರ ಹೆಸ್ರಲ್ಲಿ ದುಡಿಯೋದು ನಂಗೆ ಸಾಕಾಗ್‌ಹೋಗೈತೆ ಕಣೋ.”

ನಾನು ಅದರ ಮೊದಲ ಸಾಲನ್ನಷ್ಟೇ ಓದಿದೆ ಎಂದರೂ ತಪ್ಪಿಲ್ಲ. ಕಂಪನಿ ಅರಸೀಕೆರೆಯಲ್ಲೇ ಎಂದು ನಿಶ್ಚಯಿಸಿ, ರಜೆ ಪಡೆದು ಊರಿಗೆ ಹೊರಟಾಗ, ಮೊಂಬಾಸದ ಗಟ್ಟಿ ಹಲಗೆಯ ಮೇಲೆ ‘ಈಶ್ವರಪ್ಪ ಅಂಡ್ ಕಂಪನಿ’ ಎಂದು ನನ್ನದೇ ಹೆಸರು ಬರೆಸಿಕೊಂಡು ಹೆಮ್ಮೆಯಿಂದ ಹೊತ್ತು ತಂದೆ.

ಅಕ್ಕ ಗೋಣಿತಾಟು ಬಿಚ್ಚಿ, ಬೋರ್ಡನ್ನು ಜಗಲಿಯ ಗೋಡೆಗೆ ಒರಗಿಸಿ, ನಿಧಾನವಾಗಿ ಓದಿದಳು.

“ಇದ್ರಲ್ಲಿ ನಾನೆಲ್ಲಿದೀನೋ?”

ನಾನು ಬೋರ್ಡಿನ ಕೊನೆಯ ಪದಕ್ಕೆ ಬೆರಳಿಟ್ಟೆ. “ಕಂಪನಿ ಅಂತ ಐತಲ್ಲಕ್ಕ, ಅದ್ರಲ್ಲಿ” ಎಂದೆ.

“ಬಾಗ್ಲು ನಂದು, ಅಟ್ಟ ನಂದು, ಕಾಗ್ದ ಒಡೆಯೋಳು ನಾನು. ರುಜು ಮಾತ್ರ ಸಮುದ್ರದಾಚೆಯಿಂದ ಬರ್ಬೇಕೇನೋ? ಮೈದುನನ ಹೆಸ್ರು ಹೋಗಿ ತಮ್ಮನ ಹೆಸ್ರು ಬಂತು, ಅಷ್ಟೇಯ. ಇದನ್ನ ತಗೊಂಡೋಗಿ ಆ ಮೊಂಬಾಸದಲ್ಲೇ ನೇತಾಕು.”

ನಾಚಿಕೆಯಾಯಿತು. ಮಂಡಿಯವರನ್ನು ನಾನು ಎಷ್ಟು ಸಲ ಬೈದಿಲ್ಲ! ಮರುದಿನವೇ ಪೇಂಟರನ್ನು ಕರೆಸಿ ನನ್ನ ಹೆಸರು ಕೆರೆಸಿದೆ. ಆ ಜಾಗದಲ್ಲಿ ‘ಗಿರಿಜಮ್ಮ ಕೊಬ್ಬರಿ ಕಂಪನಿ’ ಬಂತು. ಊರು ಅರಸೀಕೆರೆ, ಡೈರೆಕ್ಟರುಗಳು ನಾವಿಬ್ಬರು, ರುಜುವಿನ ಅಧಿಕಾರ ಅಕ್ಕನದು.

ಬೆಂಗಳೂರಿನ ಕಂಪನಿ ನೋಂದಣಿ ಕಚೇರಿಗೆ ಕಳಿಸುವ ಅರ್ಜಿ ಇಂಗ್ಲಿಷಿನಲ್ಲಿತ್ತು. ನಾನು ಓದಿ ಹೇಳುತ್ತ ತುಂಬುತ್ತಿದ್ದೆ. ಇಬ್ಬರ ವಾಸಸ್ಥಳ ಕೇಳಿದ್ದರು. ಅಕ್ಕನದಾದ ಮೇಲೆ ನನ್ನ ಹೆಸರಿನ ಮುಂದೆಯೂ ಯೋಚಿಸದೆ ಅರಸೀಕೆರೆ ಎಂದು ಬರೆಯಹೊರಟೆ.

“ಏನು ಬರೀತಿದೀಯ?” ಎಂದಳು. ಹೇಳಿದೆ.

“ಸುಳ್ಳು ಬರೀಬೇಡ. ನೀನಿರೋದು ಅಲ್ಲಿ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಕಾಗದದಲ್ಲಿ ತಪ್ಪಿರಬಾರದು ಎಂಬ ಕಾಳಜಿ, ಅಷ್ಟೇ. ನಾನು ಲೇಖನಿಯನ್ನು ಮತ್ತೆ ಮಸಿಗೆ ಅದ್ದಿದೆ. ಮೊಂಬಾಸ ಎಂದು ಬರೆದೆ.

ರಜೆ ಮುಗಿಯುವ ಹೊತ್ತಿಗೆ ನೋಂದಣಿಯ ಪತ್ರ ಬಂತು. ಜಗಲಿಯ ಮೇಲೆ ನಾನೂ ಅಕ್ಕನೂ ಇದ್ದೆವು. ಪೋಸ್ಟ್‌ಮ್ಯಾನ್ ಹೊಸಬ. ಸೀದಾ ನನ್ನತ್ತ ಬಂದು, “ಯಜಮಾನ್ರೇ, ಕಂಪ್ನಿ ಹೆಸ್ರಿಗೆ ರಿಜಿಸ್ಟರ್ ಕಾಗ್ದ ಐತೆ, ರುಜು ಹಾಕಿ” ಎಂದು ಪೆನ್ಸಿಲು ಚಾಚಿದ.

ಅಕ್ಕ ಕೈ ಒರೆಸಿಕೊಂಡು ಎದ್ದಳು. “ಇತ್ಲಾಗ್ ಕೊಡಪ್ಪ. ಯಜಮಾನಿ ನಾನು. ಅವ್ನು ನನ್ ತಮ್ಮ, ಮೊಂಬಾಸದೋನು.”

ಅವಳು ಪೂರ್ತಿ ಹೆಸರು ಬರೆದು ಮುಗಿಸುವವರೆಗೂ ಪೋಸ್ಟ್‌ಮ್ಯಾನ್ ಕಾದ. ನನಗೆ ಸಂತೋಷವಾಯಿತು, ನಿಜವಾದ ಸಂತೋಷ. ಜೊತೆಗೆ, ಹುಟ್ಟಿ ಬೆಳೆದ ಊರಿನ ಜಗಲಿಯ ಮೇಲೆ ನೆಂಟನಂತೆ ಕಾಲು ಮಡಚಿ ಕೂತಿದ್ದೇನೆ ಎಂಬುದೂ ಆಗಲೇ ಗಮನಕ್ಕೆ ಬಂತು.

ಹೊರಡುವಾಗ ಅಕ್ಕ ಒಂದು ಇಡೀ ಗಿಟುಕನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಮೊಂಬಾಸಕ್ಕೆ ಬಂದು ಮೇಜಿನ ಮೇಲಿಟ್ಟೆ. ಬೀ ಜೈನಬು ಅದನ್ನು ಎತ್ತಿ, ಎಲ್ಲಿಯೂ ಹೋಳಾಗದ್ದನ್ನು ಕಂಡು ಬೆರಗಾಗಿ, ಮೂಸಿ ನೋಡಿದಳು.

“ಇದು ನಿನ್ನ ಊರಿನದೇ?” ಎಂದು ಕೇಳಿದಳು.

ಹೌದು ಎನ್ನಲು ಬಾಯಿ ತೆರೆದಿದ್ದೆ.

“ನಮ್ಮ ಅಕ್ಕನ ಊರಿನದು” ಎಂದೆ.