ನಲವತ್ತು ಜನ, ಎರಡು ಓಟು

ಹೋದ ಭಾನುವಾರ ನಾನು ನಲವತ್ತು ಜನರನ್ನು ಕಟ್ಟಿಕೊಂಡು ಅಮೆರಿಕದ ಚುನಾವಣೆಗೆ ಹೋಗಿದ್ದೆ.

ಸುಳ್ಳಲ್ಲ. ಸಾಲುಸಾಲು ಕಾರು, ಮಿನಿವ್ಯಾನು. ಟ್ರೇಗಟ್ಟಲೆ ಸಮೋಸ. ಯಾರದೋ ಟ್ರಂಕಿನಲ್ಲಿ ಒಂದು ಡೋಲೂ ಇತ್ತು (ತರಲು ಹೇಳಿದ್ದು ಯಾರು ಅಂತ ಈಗಲೂ ಗೊತ್ತಿಲ್ಲ). ಫ್ರೀವೇಯಲ್ಲಿ ಒಬ್ಬರ ಹಿಂದೊಬ್ಬರು ಹೋಗುವಾಗ ನನಗಂತೂ ಮಂತ್ರಿಗಳ ಮೆರವಣಿಗೆಯಲ್ಲಿ ಕೂತಷ್ಟು ಖುಷಿ. ಇಳಿಯಬೇಕಿದ್ದ ಎಕ್ಸಿಟ್ಟನ್ನು ಮೊದಲು ತಪ್ಪಿಸಿಕೊಂಡಿದ್ದು ನನ್ನ ಕಾರು ಒಂದೇ. ಆದರೆ ಹಿಂದಿದ್ದವರೆಲ್ಲ ನನ್ನನ್ನೇ ನಂಬಿ ತಾವೂ ತಪ್ಪಿಸಿಕೊಂಡರು. ನಾಯಕತ್ವ ಅಂದರೆ ಇದೇ ಅಲ್ಲವೇ?

ಅಂದಹಾಗೆ, ಚುನಾವಣೆಗೆ ನಿಂತಿದ್ದು ನಾನಲ್ಲ. ಶಾಹಿದಾ.

ಶಾಹಿದಾ ಪ್ಲೆಸೆಂಟನ್‌ನಲ್ಲಿ ನಮ್ಮ ಬೀದಿಯವಳೇ. ಹುಬ್ಬಳ್ಳಿಯವಳು. ದಿನಾ ಸೇತುವೆ ದಾಟಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಾಳೆ. ಗಂಡ ಇಕ್ಬಾಲ್ ಒಂದು ಸ್ಟಾರ್ಟಪ್ಪಿನಲ್ಲಿದ್ದಾನೆ. ಊಟದ ಮಧ್ಯೆ ಎದ್ದು ಹೋಗಿ ಷೇರಿನ ಬೆಲೆ ನೋಡಿಕೊಂಡು ಬರುವ ಜಾತಿ (ಸದ್ಯಕ್ಕೆ ಈ ಊರಿನ ಎಲ್ಲ ಗಂಡಂದಿರೂ ಅದೇ ಜಾತಿ). ಇಬ್ಬರೂ ಹೋದ ವರ್ಷ ಕೈ ಎತ್ತಿ ಪ್ರಮಾಣ ಮಾಡಿ ಇಲ್ಲಿನ ಸಿಟಿಜನ್ ಆದರು.

ತಿಂಗಳ ಹಿಂದೆ ನಮ್ಮ ಅಡುಗೆಮನೆಗೆ ಬಂದವಳೇ, "ಅಕ್ಕಾರ, ನಾ ಡೆಲಿಗೇಟ್ ಆಗ್ಬೇಕಂತ ಮಾಡೀನಿ" ಅಂದಳು.

"ಮೊದಲು ಕೂತ್ಕೋ. ಅದೇನು ಅಂತ ಹೇಳು."

ಅದು ಹೀಗೆ. ಈ ವರ್ಷ ಇಲ್ಲಿ ಅಧ್ಯಕ್ಷರ ಚುನಾವಣೆ. ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸಲು ಬೇಸಿಗೆಯಲ್ಲಿ ಒಂದು ಮಹಾ ಸಮ್ಮೇಳನ. ಅಲ್ಲಿ ಕೂತು ಓಟು ಹಾಕುವವರೇ ಡೆಲಿಗೇಟುಗಳು, ಅಂದರೆ ಪ್ರತಿನಿಧಿಗಳು. ಅವರನ್ನು ಆರಿಸುವುದಕ್ಕೆ ಕಾಕಸ್ ಅಂತ ಸಭೆ ಮಾಡುತ್ತಾರೆ. ಒಬ್ಬ ಅಭ್ಯರ್ಥಿಯ ಬೆಂಬಲಿಗರೆಲ್ಲ ತಮ್ಮ ತಮ್ಮ ಕ್ಷೇತ್ರದಲ್ಲಿ ಒಂದು ಮಧ್ಯಾಹ್ನ ಸೇರುವುದು. ಹೆಸರು ಕೊಟ್ಟ ಬೆಂಬಲಿಗರು ಒಂದೊಂದು ನಿಮಿಷ ಮಾತಾಡುವುದು. ಬಂದವರು ಚೀಟಿಯಲ್ಲಿ ಮೂವರು ಹೆಂಗಸರು, ಮೂವರು ಗಂಡಸರಿಗೆ ಗುರುತು ಹಾಕುವುದು. ಅಷ್ಟೇ! ದೆಹಲಿಗೆ ಹೋಗಿ ಯಾರದೋ ಗೇಟಿನ ಮುಂದೆ ಹಾರ ಹಿಡಿದು ನಿಲ್ಲಬೇಕಿಲ್ಲ. ದೊಡ್ಡವರ ಮಗಳೋ ಸೊಸೆಯೋ ಆಗಿರಬೇಕಿಲ್ಲ. (ಶಾಹಿದಾಳ ಅಭ್ಯರ್ಥಿ ಯಾರು ಅಂತ ಕೇಳಬೇಡಿ. ಸಂಪಾದಕರು ಬೈತಾರೆ.)

"ಸರಿ, ನಿನಗ್ಯಾಕೆ ಈ ಹುಚ್ಚು?"

ಅವಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು.

"ಹುಬ್ಬಳ್ಯಾಗ ಇಲೆಕ್ಷನ್ ಬಂತಂದ್ರ ನಮ್ಮ ಅಬ್ಬಾನ ಪಡಸಾಲ್ಯಾಗ ಮುಂಜಾನಿಂದ ಸಂಜಿತನಾ ಮೀಟಿಂಗ್ ರೀ. ನಾನೂ ನಮ್ಮ ಅಮ್ಮಿ ಪರದೆ ಹಿಂದ ಚಹಾ ಕುದಸ್ಕೋತ ನಿಂದ್ರೂದು. 'ಇನ್ನ ನಾಕ ಕಪ್ ಕಳಸ್ರಿ' ಅಂತಿದ್ರು. ಯಾರು ಗೆಲ್ಲಬೇಕು ಅಂತ ನಮಗ ಒಮ್ಮೆರ ಕೇಳ್ಲಿಲ್ಲ. ಈ ಸಲ ನಾ ಒಳಗ ಕುರ್ಚಿ ಮ್ಯಾಲ ಕುಂದ್ರಾಕಿ."

ಇಂಥ ಮಾತು ಕೇಳಿದಾಗ ನಾನು ಮಾಡುವುದು ಒಂದೇ ಕೆಲಸ. ಫೋನ್ ಎತ್ತುವುದು.

ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೊಸೆ. ಕನ್ನಡ ಮಾತಾಡುವ ಒಂದು ಮನೆಯನ್ನೂ ಬಿಡಲಿಲ್ಲ. ಗೃಹಪ್ರವೇಶಕ್ಕೆ ಕರೆದ ಹಾಗೆ ಕರೆದೆ. "ಭಾನುವಾರ ಶಾಹಿದಾಳ ಎಲೆಕ್ಷನ್ನು. ಫ್ಯಾಮಿಲಿ ಸಮೇತ ಬರಬೇಕು. ನೆಪ ಹೇಳೋ ಹಾಗಿಲ್ಲ." ಕೆಲವರು ಊಟ ಇದೆಯಾ ಅಂತ ಕೇಳಿದರು. ಕೆಲವರು ಪಾರ್ಕಿಂಗ್ ಇದೆಯಾ ಅಂತ ಕೇಳಿದರು. ಎಲ್ಲರೂ ಬರುತ್ತೇವೆ ಅಂದರು. ಸ್ಯಾನ್ ಹೊಸೆಯ ಪಾಟೀಲರಂತೂ, ಧಾರವಾಡದಿಂದ ಮಗನ ಮನೆಗೆ ಬಂದಿರುವ ತಮ್ಮ ತಂದೆಯನ್ನೂ ಕರೆತರುತ್ತೇನೆ ಅಂದರು. ಬರಲಿ! ಹಿರಿಯರು ಇದ್ದರೆ ಸಭೆಗೆ ಕಳೆ.

ಹಾಗೆ ಪಕ್ಕದ ಊರಿನ ಕಮ್ಯುನಿಟಿ ಹಾಲ್ ತಲುಪಿದೆವು. ಒಳಗಿದ್ದವರೆಲ್ಲ ಸೇರಿದರೆ ನಮ್ಮ ಎರಡರಷ್ಟು ಇದ್ದರೇನೋ. ನಮ್ಮ ರೇಷ್ಮೆ ಸೀರೆಗಳ ದಂಡು ಬಾಗಿಲಿಗೆ ಬಂದಾಗ ಉಳಿದ ಸ್ಪರ್ಧಿಗಳ ಮುಖ ನೀವು ನೋಡಬೇಕಿತ್ತು. ಒಬ್ಬಾಕೆ ಕೈಯಲ್ಲಿದ್ದ ಭಾಷಣವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೇಬಿಟ್ಟಳು. ಗೆದ್ದೆವು ಅಂದುಕೊಂಡೆ. ಡೋಲು ತರಿಸಲೇ ಅಂತಲೂ ಯೋಚಿಸಿದೆ.

ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಅಜ್ಜಿ ಮಾರ್ಗರೆಟ್ ಬಹಳ ಖುಷಿಯಿಂದ ನಕ್ಕರು. "ಅಬ್ಬಾ, ಎಷ್ಟೊಂದು ಜನ! ನೀವೆಲ್ಲ ಈ ಕ್ಷೇತ್ರದಲ್ಲಿ, ನಮ್ಮ ಪಕ್ಷದಲ್ಲಿ ನೋಂದಾಯಿಸಿದ ಮತದಾರರು ತಾನೇ?"

ಮತದಾರರು?

ನಾನು ಹಿಂದೆ ತಿರುಗಿದೆ. "ಇಲ್ಲಿ ಸಿಟಿಜನ್ ಯಾರ್ಯಾರು ಇದೀರಾ? ಕೈ ಎತ್ತಿ."

ಶಾಹಿದಾ ಎತ್ತಿದಳು. ಇಕ್ಬಾಲ್ ಎತ್ತಿದ. ಪಾಟೀಲರು ಎತ್ತಿದರು.

ಉಳಿದವರೆಲ್ಲ ಎಚ್-ಒನ್ನು, ಎಚ್-ಫೋರು, ಗ್ರೀನ್ ಕಾರ್ಡು. ಇಲ್ಲಿ ಇರಲು ಅನುಮತಿ ಉಂಟು, ಓಟಿಲ್ಲ. ನಾವೆಂಥ ಜನ ನೋಡಿ. ಯಾವ ಪಾರ್ಟಿಗೆ ಹೋದರೂ ಹೆಸರು ಕೇಳುವುದಕ್ಕಿಂತ ಮುಂಚೆ "ಎಚ್-ಒನ್ನಾ, ಗ್ರೀನ್ ಕಾರ್ಡಾ?" ಅಂತ ಕೇಳುವವರು. ಅದನ್ನು ಕೇಳಲೇಬೇಕಾಗಿದ್ದ ಒಂದೇ ಒಂದು ದಿನ ಕೇಳಲಿಲ್ಲ! ಹೋಗಲಿ, ನಾನೇ ಗ್ರೀನ್ ಕಾರ್ಡಿನವಳು. ನನಗಾದರೂ ಹೊಳೆಯಬೇಡವೇ? ಪಕ್ಷದ ಸಭೆ ಅಂದರೆ ಜನ ತುಂಬಿಸುವುದು ಅಂತಲೇ ಬೆಳೆದವಳು ನಾನು. ನಮ್ಮೂರಲ್ಲಿ ಲಾರಿಯಲ್ಲಿ ಬಂದವರ ಗುರುತಿನ ಚೀಟಿಯನ್ನು ಯಾರಾದರೂ ಕೇಳಿದ್ದುಂಟೇ?

ಇನ್ನೂ ಇದೆ. ಪಾಟೀಲರ ವಿಳಾಸ ಸ್ಯಾನ್ ಹೊಸೆ. ಅದು ಬೇರೆ ಕ್ಷೇತ್ರ. ಅವರ ಕೈಯೂ ಇಳಿಯಿತು.

ನಲವತ್ತು ಜನ. ಎರಡು ಓಟು.

ಪಾಟೀಲರ ತಂದೆಗೆ ಮಾತ್ರ ತಡೆಯಲಾರದ ಸಿಟ್ಟು. "ನಾ ತಿಳವಳಿಕಿ ಬಂದಾಗಿಂದ ಒಂದ ಇಲೆಕ್ಷನ್ ತಪ್ಪಿಸಿಲ್ಲ. ನನ್ನ ಓಟು ಬ್ಯಾಡಂತಾಳೇನು ಈಕಿ?" ಅಂತ ಮಾರ್ಗರೆಟ್ ಅಜ್ಜಿಯ ಮೇಲೆ ಏರಿಹೋದರು. ಅಜ್ಜಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಎದ್ದು ನಿಂತು, ಎರಡೂ ಕೈಯಲ್ಲಿ ಅವರ ಕೈ ಹಿಡಿದು, ಮುಂದಿನ ಸಾಲಿನಲ್ಲಿ ಕೂರಿಸಿದರು. ನಮ್ಮನ್ನೆಲ್ಲ ಹಿಂದೆ ನಿಂತು ನೋಡಬಹುದು ಅಂತ ಒಳಗೆ ಬಿಟ್ಟರು.

ನನಗೆ ಶಾಹಿದಾಳ ಮುಖ ನೋಡಲು ಧೈರ್ಯ ಬರಲಿಲ್ಲ. ನಾಚಿಕೆ, ಅಳು, ಅದರ ಜೊತೆಗೆ ತಡೆಯಲಾಗದ ನಗು. ಕೈ ಸುಮ್ಮನಿರದೆ ಸಮೋಸದ ಟ್ರೇಗಳನ್ನು ಗೋಡೆ ಪಕ್ಕದ ಮೇಜಿನ ಮೇಲೆ ಜೋಡಿಸತೊಡಗಿದೆ. ಅವಳೂ ಬಂದು ನನ್ನ ಪಕ್ಕ ನಿಂತಳು.

ಆಗ ಒಂದು ಸಂಗತಿ ನಡೆಯಿತು. ಎತ್ತರದ ಮುದುಕರೊಬ್ಬರು ಬಂದು, ಬಹಳ ಮರ್ಯಾದೆಯಿಂದಲೇ, ಖಾಲಿ ಕಪ್ಪನ್ನು ಅವಳತ್ತ ಚಾಚಿದರು. "ಕಾಫಿ ಇದೆಯೇ?"

ಅವಳ ಕೈ ತಾನಾಗಿ ಮುಂದೆ ಹೋಯಿತು. ಕಪ್ಪು ತೆಗೆದುಕೊಂಡಳು. ಫ್ಲಾಸ್ಕಿನ ನಲ್ಲಿಯ ತನಕ ಒಯ್ದಳು. ಅಲ್ಲಿ ನಿಂತಳು. ಆಮೇಲೆ ತಿರುಗಿ ಕಪ್ಪನ್ನು ಅವರ ಕೈಗೇ ಕೊಟ್ಟಳು.

"ಅಲ್ಲಿದೆ ಸರ್. ನೀವೇ ತಗೊಳ್ಳಿ. ಈಗ ನಾನು ಭಾಷಣ ಮಾಡಬೇಕು" ಅಂದಳು ಇಂಗ್ಲಿಷಿನಲ್ಲಿ.

ಮೂರು ವಾರ ಬಾಯಿಪಾಠ ಮಾಡಿದ್ದ ಭಾಷಣವನ್ನು ಮುಟ್ಟಲೇ ಇಲ್ಲ. ಹುಬ್ಬಳ್ಳಿಯ ಪರದೆಯ ಕಥೆ ಹೇಳಿದಳು. ಆಮೇಲೆ ಹಿಂದೆ ನಿಂತಿದ್ದ ನಮ್ಮತ್ತ ಬೆರಳು ತೋರಿಸಿದಳು.

"ಇವರೆಲ್ಲ ನನಗಾಗಿ ಬಂದವರು. ಇವರಿಗೆ ಓಟಿಲ್ಲ ಅಂತ ಬಾಗಿಲಲ್ಲಿ ಗೊತ್ತಾಯಿತು." ಹಾಲ್ ಪೂರ್ತಿ ನಕ್ಕಿತು. "ನಿಮ್ಮ ಹಾಗೆಯೇ ಟ್ಯಾಕ್ಸ್ ಕಟ್ಟುತ್ತಾರೆ. ನಿಮ್ಮ ಹಾಗೆಯೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಏನು ಬೇಕು ಅಂತ ಇವರನ್ನು ಇನ್ನೂ ಯಾರೂ ಕೇಳಿಲ್ಲ. ಕೇಳದೆ ಇದ್ದರೆ ಹೇಗಿರುತ್ತೆ ಅಂತ ನನಗೆ ಗೊತ್ತು. ನಿಮ್ಮ ಚೀಟಿಯಲ್ಲಿ ಹೆಂಗಸರಿಗೆ ಮೂರು ಜಾಗ ಇದೆ. ಮೊದಲನೆಯದು ನಿಮ್ಮ ಸ್ನೇಹಿತೆಗೇ ಹೋಗಲಿ. ಮಿಕ್ಕಿದ್ದರಲ್ಲಿ ಒಂದನ್ನು ನನಗೆ ಕೊಡಿ."

ಶಾಹಿದಾಳ ಮಗಳು ಸನಾ ಗಡಿಯಾರ ಹಿಡಿದು ನಿಂತಿದ್ದವಳು, "ಅಮ್ಮೀ, ಟೈಮ್!" ಅಂತ ಕೂಗಿದಳು. ಮತ್ತೆ ನಗು. ಮೊದಲು ಚಪ್ಪಾಳೆ ತಟ್ಟಿದವರು ಪಾಟೀಲರ ತಂದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಬಿಡಿ. ಭಾಷಣ ಮುಗಿದಿದ್ದು ಗೊತ್ತಾಗುತ್ತದೆ.

ಚೀಟಿ ಎಣಿಸುವಷ್ಟರಲ್ಲಿ ನಮ್ಮ ಸಮೋಸ ಪೂರ್ತಿ ಖಾಲಿ. ಕಾಫಿ ಕೇಳಿದ್ದ ಮುದುಕರು ತಾವೇ ನಿಂತು ಬಂದವರಿಗೆಲ್ಲ ಕಾಫಿ ಹಿಡಿದುಕೊಡುತ್ತಿದ್ದರು. ಇಕ್ಬಾಲ್ ಇಡೀ ಮಧ್ಯಾಹ್ನ ಷೇರಿನ ಮಾತೆತ್ತಲಿಲ್ಲ (ಭಾನುವಾರ ಮಾರ್ಕೆಟ್ಟಿಗೆ ರಜೆ ಅಂತ ನನಗೂ ಗೊತ್ತು, ಆದರೂ).

ಮಾರ್ಗರೆಟ್ ಅಜ್ಜಿ ಹೆಂಗಸರ ಹೆಸರು ಓದಿದರು. ಮೊದಲನೆಯದು ಬೇರೆಯವರು. ಎರಡನೆಯದೂ ಬೇರೆಯವರು. ಮೂರನೆಯ ಹೆಸರಿನ ಮುಂದೆ ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ, "ಶಾ... ಹಿ..." ಅನ್ನುವಷ್ಟರಲ್ಲಿ ಡೋಲು ಶುರುವಾಗಿತ್ತು. ಬಾರಿಸಿದ್ದು ಯಾರು? ಅದೂ ಗೊತ್ತಿಲ್ಲ. ನಾನು ಕುಣಿದೆ. ಈ ವಯಸ್ಸಿಗೆ, ಈ ಮಂಡಿ ಇಟ್ಟುಕೊಂಡು, ಕುಣಿದೆ.

ಶಾಹಿದಾ ಕುಣಿಯಲಿಲ್ಲ. ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದಳು. ಎದ್ದೇಳು ಅಂದರೂ ಏಳಲಿಲ್ಲ.

(ಬರುವ ಪ್ರೈಮರಿಯಲ್ಲಿ, ಅಂದರೆ ಪಕ್ಷದೊಳಗಿನ ಮತದಾನದಲ್ಲಿ, ಅವಳ ಅಭ್ಯರ್ಥಿಗೆ ಸಾಕಷ್ಟು ಓಟು ಬಿದ್ದರೆ ಮಾತ್ರ ಸಮ್ಮೇಳನದ ಕುರ್ಚಿ ಗಟ್ಟಿ. ಬೀಳುತ್ತೆ ಬಿಡಿ. ನಾನು ಆಗಲೇ ಫೋನ್ ಶುರುಮಾಡಿದ್ದೇನೆ. ಈ ಸಲ ಮೊದಲು ಕೇಳುವುದೇ ವೀಸಾ.)

ಸಂಜೆ ಅವಳು ಹುಬ್ಬಳ್ಳಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಸಭೆ, ಭಾಷಣ, ಚಪ್ಪಾಳೆ, ಗೆಲುವು, ಎಲ್ಲವನ್ನೂ ತನ್ನ ಮನೆಮಾತಾದ ದಖನಿ ಉರ್ದುವಿನಲ್ಲಿ ಉಸಿರು ಬಿಡದೆ ಹೇಳಿದಳು. ಆ ಕಡೆಯಿಂದ ಅವಳ ತಾಯಿ ಪೂರ್ತಿ ಕೇಳಿಸಿಕೊಂಡು, ಒಂದೇ ಮಾತು ಕೇಳಿದರು. ಶಾಹಿದಾ ಫೋನಿನ ಬಾಯಿ ಮುಚ್ಚಿ, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ, ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು:

"ಅದೆಲ್ಲಾ ಖರೆ, ಅಷ್ಟು ಮಂದಿಗೆ ಚಹಾ ಯಾರು ಮಾಡಿದ್ರು?"