ಇಡಗುಂದಿ ದಾರಿಯ ಕವಳ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರು ರಸ್ತೆ ಬಿಟ್ಟಿದ್ದು ಯಲ್ಲಾಪುರ ದಾಟಿದ ಮೇಲೆ, ಇಡಗುಂದಿಗಿಂತ ಸ್ವಲ್ಪ ಮೊದಲು ಎಂದು ನನ್ನ ನೆನಪು. ಅತ್ತೆ ಮಾತ್ರ ಇಡಗುಂದಿ ದಾಟಿತ್ತು ಅನ್ನುತ್ತಾಳೆ. ಶಿರಸಿಯಲ್ಲಿ ಉಪನಯನದ ಊಟ ಮುಗಿಸಿ ಅರಬೈಲ್ ಕಡೆಯ ಸೋದರಮಾವನ ಮನೆಗೆ ಹೊರಟಿದ್ದೆವು. ಮಾವನೇ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ನನ್ನ ಅತ್ತೆ, ಆಗಲೇ ನಿದ್ದೆ ಹೋಗಿದ್ದಳು.

ನಮ್ಮ ಕಡೆ ಊಟದ ಮೇಲೆ ಗಾಡಿ ಓಡಿಸುವವನಿಗೆ ಕವಳ ಮಾಡಿಕೊಡುವ ಕೆಲಸ ಪಕ್ಕ ಕೂತವರದು. ಎಲೆ, ಅಡಿಕೆ, ಸುಣ್ಣ ಬಾಯಲ್ಲಿದ್ದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ನಾನು ಕವಳ ಹಾಕುವವಳಲ್ಲ. ಸುಣ್ಣದ ಅಂದಾಜು ನನ್ನ ಬೆರಳಿಗಿಲ್ಲ.

"ಕೂಸೇ, ಒಂದು ಕವಳ ಮಾಡೇ. ಕಣ್ಣು ಎಳೀತು."

"ನಿಲ್ಸಿ ಹತ್ತು ನಿಮಿಷ ಮಲಗು ಮಾವ."

"ಎಂಎ ಮಾಡಿದ್ಯಡ, ಎಲೆಗೆ ಸುಣ್ಣ ಹಚ್ಚಲೆ ಬತ್ತಿಲ್ಯನೇ?"

ಹಚ್ಚಿದೆ. ತಿರುವಿನಲ್ಲಿ ಡಬ್ಬಿ ಅಲುಗಿ ಸುಣ್ಣ ಹೆಚ್ಚೇ ಬಂತು. ಒರೆಸಲಿಲ್ಲ.

ಆಮೇಲಿನದು ಎರಡು ಥರ ನೆನಪಿದೆ. ಒಂದರಲ್ಲಿ ಮಡಚಿದ ಎಲೆ ಇನ್ನೂ ನನ್ನ ಕೈಯಲ್ಲೇ ಇದೆ, ಮಾವನ ಗಲ್ಲ ಎದೆಗೆ ಇಳಿದಿದೆ, ಟಯರಿನಡಿ ಡಾಂಬರಿನ ಸದ್ದು ನಿಂತು ಜಲ್ಲಿಯ ಸದ್ದು ಎದ್ದಿದೆ. ಇನ್ನೊಂದರಲ್ಲಿ ಕವಳ ಅವನ ಬಾಯಲ್ಲಿದೆ. ಅವನು ಸುರ್ರೆಂದು ಉಸಿರೆಳೆದು ಉಗುಳಲು ಕಿಟಕಿಯತ್ತ ಬಾಗುತ್ತಾನೆ. ಎರಡರಲ್ಲೂ ಕಾರು ಚರಂಡಿ ಹಾರಿ ಸಾಗವಾನಿ ಮರಕ್ಕೆ ಬಡಿಯುತ್ತದೆ. ಮೊದಲನೆಯದು ನನಗೆ ಅನುಕೂಲ. ಅದಕ್ಕೇ ಅದರ ಮೇಲೆ ನಂಬಿಕೆಯಿಲ್ಲ.

ಆಸ್ಪತ್ರೆಯಲ್ಲಿ ಮಾವನ ಅಂಗಿಯ ಎದೆಯೆಲ್ಲ ಕೆಂಪಾಗಿದ್ದು ನೋಡಿ ಕೂಗಿಕೊಂಡೆ. ಅತ್ತೆ ಮೂಸಿ ನೋಡಿ, "ರಕ್ತ ಅಲ್ದೇ, ಕವಳ" ಅಂದಳು. ಆಗ ಸಮಾಧಾನವಾಯಿತು. ಈಗ ಆ ಮಾತೇ ಚುಚ್ಚುತ್ತದೆ. ಆದರೆ ಊಟವಾದ ಕೂಡಲೇ ಚಪ್ಪರದಲ್ಲೂ ಅವನು ಒಂದು ಕವಳ ಹಾಕಿದ್ದನಲ್ಲ? ಹಾಕಿದ್ದನೇ?

ಮಾವನ ಎಡ ಮಂಡಿ ಈಗ ಮಡಚುವುದಿಲ್ಲ. ಬಂದವರಿಗೆಲ್ಲ "ದನ ಅಡ್ಡ ಬಂತು" ಅನ್ನುತ್ತಾನೆ. ಕೇಳಿದರೆ ಬಣ್ಣವನ್ನೂ ಹೇಳುತ್ತಾನೆ, ಒಮ್ಮೆ ಕಪ್ಪು, ಒಮ್ಮೆ ಕಂದು. ನಾನು ಯಾವ ದನವನ್ನೂ ನೋಡಲಿಲ್ಲ. ತನ್ನ ತೂಕಡಿಕೆ ಮುಚ್ಚಲಿಕ್ಕೆ ಈ ಸುಳ್ಳೋ, ನನ್ನನ್ನು ಉಳಿಸಲಿಕ್ಕೋ, ತಿಳಿಯದೆ ಒಂದು ಕಡೆ ಕೂರಲಾಗುತ್ತಿಲ್ಲ.

ಹೋದ ವಾರ ಅವರ ಮನೆಗೆ ಹೋದಾಗ ಅತ್ತೆ ಒಳಗಿದ್ದ ಹೊತ್ತು ನೋಡಿ ಕೇಳಿಯೇಬಿಟ್ಟೆ. ಅವನು ನನ್ನ ಯಲ್ಲಾಪುರದ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿದ. ನಾನು ಕೇಳಿದ್ದು ಇಷ್ಟೇ:

"ಮಾವ, ಆವತ್ತು ನಿಂಗೆ ನಿದ್ದೆ ಬಂದಿತ್ತಾ, ಆನು ಕೊಟ್ಟ ಕವಳ ಬಾಯಿ ಸುಟ್ಟಿತ್ತಾ?"