ಅಕ್ಕನಿಗೆ ಮಾಡಿದ ಚಾಕು

ಬೀದಿಯವರು ಅವನನ್ನು ಚಾಕಣ್ಣ ಎಂದೇ ಕರೆಯುತ್ತಿದ್ದರು. ಜೇಬಿಗೆ ಹಿಡಿಸುವ ಮಡಚುವ ಚಾಕುಗಳನ್ನು ಕೈಯಿಂದಲೇ ಮಾಡುವುದು ಅವನ ಕಸುಬು. ಅಡುಗೆಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಕಡೆ ಅವನ ಕುಲುಮೆ, ಅಡಿಗಲ್ಲು. ಬಾಗಿಲ ಕಡೆ ಹೆಂಡತಿಯ ಸಾಣೆಚಕ್ರ. ಅಲಗು, ಸ್ಪ್ರಿಂಗು ಅವನ ಕೆಲಸ. ಕೊಂಬಿನ ಹಿಡಿ ಕೂರಿಸಿ ಹೊಳಪು ಕೊಡುವುದು ಅವಳದು. ಮದುವೆಯ ಹೊಸತರಲ್ಲಿ ಆದ ಪಾಲು, ಆಮೇಲೆ ಯಾರೂ ತಕರಾರು ಎತ್ತಿರಲಿಲ್ಲ.

ಮಡಚುವ ಚಾಕುವಿನ ಜೀವವೆಲ್ಲ ಬೆನ್ನಿನ ಸ್ಪ್ರಿಂಗಿನಲ್ಲಿ. ಅದು ಸಡಿಲವಾದರೆ ಅಲಗು ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಬಿಗಿಯಾದರೆ ಉಗುರು ಮುರಿದರೂ ತೆರೆಯುವುದಿಲ್ಲ. ಚಾಕಣ್ಣ ಅದನ್ನು ಕಿವಿಯಿಂದ ಅಳೆಯುತ್ತಿದ್ದ. ಹಂಗಾಮಿ ಮೊಳೆ ಸಿಕ್ಕಿಸಿ, ಚಾಕುವನ್ನು ತೆರೆದು ಮುಚ್ಚಿ, 'ಟಕ್' ಎಂಬ ಸದ್ದು ಕೇಳಿದ ಮೇಲೆಯೇ ಹೆಂಡತಿಯ ಕಡೆ ದಾಟಿಸುತ್ತಿದ್ದ. ಜೀವಮಾನವೆಲ್ಲ ಕಬ್ಬಿಣ ಬಡಿದು ಕಿವಿ ಮಂದವಾಯಿತು. ಸದ್ದು ಸಾಲದೆನಿಸಿ ಅವನು ಸ್ಪ್ರಿಂಗನ್ನು ದಪ್ಪಗೆ, ಇನ್ನೂ ದಪ್ಪಗೆ ಬಿಡತೊಡಗಿದ. ಇಕ್ಕಳದಂಥ ಅವನ ಹೆಬ್ಬೆರಳಿಗೆ ಆ ಬಿಗಿ ಗೊತ್ತೇ ಆಗುತ್ತಿರಲಿಲ್ಲ.

ಗೊತ್ತಾದದ್ದು ಗಿರಾಕಿಗಳಿಗೆ. ಒಬ್ಬ ಮಾಲಿ ಚಾಕಣ್ಣನ ಹೆಂಡತಿಯ ಬಳಿ ಬಂದು, "ಅಕ್ಕಾ, ಇದನ್ನ ತೆಗೆಯೋಕೆ ಇನ್ನೊಂದು ಚಾಕು ಕೊಡಿ" ಎಂದ. ಅಂದಿನಿಂದ ಅವಳು ಹಿಡಿ ಕೂರಿಸಲು ಮೊಳೆ ಕಳಚಿದಾಗಲೆಲ್ಲ ಸ್ಪ್ರಿಂಗಿನ ಒಳಮೈಗೆ ನಾಲ್ಕು ಸಲ ಅರ ಆಡಿಸಿ, ತೆಳ್ಳಗೆ ಮಾಡಿ, ಮತ್ತೆ ಜೋಡಿಸುತ್ತಿದ್ದಳು. ಗಿರಾಕಿಗಳ ದೂರು ನಿಂತಿತು. ಚಾಕಣ್ಣನ ಹೆಸರು ಉಳಿಯಿತು.

ಹೀಗಿರುವಾಗ ಅವನ ಅಕ್ಕ ಬಂದಳು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಈಗ ಅವಳ ಬೆರಳ ಗೆಣ್ಣುಗಳು ಊದಿ ಸೊಟ್ಟಗಾಗಿದ್ದವು.

"ಒಂದು ಹಣ್ಣು ಹೆಚ್ಚೋಕೂ ಸೊಸೆನ ಕೂಗ್ಬೇಕು ಕಣೋ. ನನ್ನ ಕೈಗಾಗೋ ಥರ ಒಂದು ಮಾಡ್ಕೊಡು."

ಅವನಿಗೆ ಹುರುಪು ಬಂತು. "ಇದು ಪೂರ್ತಿ ನಂದೇ ಕೆಲಸ. ನೀನು ಮುಟ್ಬೇಡ" ಎಂದು ಹೆಂಡತಿಗೆ ಹೇಳಿದ.

"ಹೊಳಪಾದ್ರೂ ಹಾಕ್ತೀನಿ ಕೊಡ್ರೀ."

"ಬೇಡ ಅಂದ್ನಲ್ಲ!"

ಅವಳ ಕೈ ಕಟ್ಟಿದಂತಾಯಿತು. ಚಾಕು ಮುಗಿದ ದಿನ ಅಕ್ಕ ಬಂದು ಉಗುರು ಹಾಕಿ ಎಳೆದಳು, ಸೆರಗಿನಲ್ಲಿ ಹಿಡಿದು ಎಳೆದಳು. ಅಲಗು ಕದಲಲಿಲ್ಲ.

"ನನ್ನ ಬೆರಳೇ ಸರಿಯಿಲ್ಲ ಬಿಡೋ. ನೋಡೋಕೆ ಚೆನ್ನಾಗಿದೆ, ಇಟ್ಕೋತೀನಿ."

ಅವನ ಮುಖ ಸಣ್ಣದಾಯಿತು. "ನಾನು ಮಾಡೋದೆಲ್ಲ ಒಂದೇ ಬಿಗಿ ಅಕ್ಕ. ಅಭ್ಯಾಸ ಆಗ್ಬೇಕು ಅಷ್ಟೆ" ಎಂದು, ಮಾರಾಟಕ್ಕಿಟ್ಟಿದ್ದ ಒಂದನ್ನು ಗಾಜಿನ ಬೀರುವಿನಿಂದ ತೆಗೆದುಕೊಟ್ಟ. ಅಕ್ಕ ಅದನ್ನು ಸಲೀಸಾಗಿ ತೆರೆದಳು.

ಚಾಕಣ್ಣ ಅದನ್ನು ಇಸಿದುಕೊಂಡು ಕಿವಿಯ ಪಕ್ಕ ಹಿಡಿದು ಮುಚ್ಚಿದ. ಮತ್ತೆ ತೆರೆದು ಮುಚ್ಚಿದ. ಏನೂ ಕೇಳಿಸಲಿಲ್ಲ. ಹೆಂಡತಿಯ ಕಡೆ ತಿರುಗಿದ. ಅವಳು ತಿರುಗದೆ ನಿಂತಿದ್ದ ಸಾಣೆಚಕ್ರವನ್ನು ಒರೆಸುತ್ತಿದ್ದಳು.

"ನೀನು ಉಜ್ಜಿದ್ಯಾ?"

"ಹೂಂ."

"ಎಲ್ಲಾನೂ?"

"ಎಲ್ಲಾನೂ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳ್ದೆ. ನಿಮ್ಗೆ ಕೇಳಿಸ್ಲಿಲ್ಲ" ಎಂದು ಅವಳು ಗಟ್ಟಿಯಾಗಿ ಹೇಳಿದಳು.

ಅಕ್ಕ ನಕ್ಕುಬಿಟ್ಟಳು. ಅವನು ನಗಲಿಲ್ಲ. ಇನ್ನು ತನ್ನ ಕೈಯ ಕೆಲಸವನ್ನು ನಂಬಬಹುದೇ ಎಂಬುದೇ ಆಗ ಅವನ ಮುಂದಿದ್ದ ಪ್ರಶ್ನೆ. ಕೊನೆಗೆ ಅಕ್ಕನ ಚಾಕುವಿನ ಮೊಳೆಗಳನ್ನು ತಾನೇ ಹೊಡೆದು ತೆಗೆದು, ಹೆಂಡತಿಯ ಮಣೆಯನ್ನು ಎತ್ತಿ ತಂದು ತನ್ನ ಪಕ್ಕಕ್ಕೆ ಹಾಕಿದ.

"ಕೂತ್ಕೋ. ಸಾಕು ಅನ್ಸಿದಾಗ ಹೇಳು."

ಅವನು ಅರ ಆಡಿಸಿ ಜೋಡಿಸಿ ಅವಳ ಕೈಗೆ ಕೊಡುತ್ತಿದ್ದ. ಅವಳು ತೆರೆದು ಮುಚ್ಚಿ, ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಅವನು ಮತ್ತೆ ಉಜ್ಜುತ್ತಿದ್ದ.

"ಇಷ್ಟೊತ್ತಿಗೆ ಹಣ್ಣನ್ನ ಹಲ್ಲಲ್ಲೇ ಕಚ್ಚಿ ತಿಂದಿರ್ತಿದ್ದೆ!" ಎಂದು ಅಕ್ಕ ಕೂಗಿದಳು.

"ಹಲ್ಲೆಲ್ಲಿದೆ ನಿಂಗೆ?" ಎಂದ ತಮ್ಮ, ತಲೆಯೆತ್ತದೆ.

ಹೆಂಡತಿ ಹೂಂಗುಟ್ಟಿದ ಮೇಲೆ ಮೊಳೆ ಬಡಿದು ಕೂರಿಸಿದ. ಅಕ್ಕನ ಸೊಟ್ಟ ಬೆರಳಿಗೆ ಅಲಗು ಎದ್ದುಬಂತು, ನೆಟ್ಟಗೆ ನಿಂತಿತು.

ಆಮೇಲೆ ಯಾವ ಚಾಕುವಾದರೂ ಹೆಂಡತಿಯ ಕೈಗೆ ಹೋಗಿ ಬಂದ ಮೇಲೆಯೇ ಅವನು ಮೊಳೆ ಬಡಿಯುತ್ತಿದ್ದ. ಅವಳು ಹೂಂ ಎಂದು ತಲೆಯಾಡಿಸುವವರೆಗೆ ಸುತ್ತಿಗೆ ಹಿಡಿದು ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದ. ಒಮ್ಮೊಮ್ಮೆ ಅವಳು ಬೇಕೆಂದೇ ತಡಮಾಡುತ್ತಿದ್ದಳು.